ಫೋಟೋ ಇಲ್ಲದ ಮನೆಯ ಚಿತ್ರ ಬರೆಸಿದ್ದು

ನಮ್ಮ ಅಮ್ಮನ ತವರುಮನೆ ಹೇಮಾವತಿಯ ಹಿನ್ನೀರಿನ ಕೆಳಗಿದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ನೀರು ನಿಲ್ಲುವ ಮುಂಚೆಯೇ ಊರಿನವರು ಮನೆ ಬಿಚ್ಚಿ, ಕಂಬ, ಬಾಗಿಲು, ಹೆಂಚು ಎಲ್ಲ ಗಾಡಿಗೆ ಹೇರಿಕೊಂಡು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ನಮ್ಮ ಕಡೆ ಈಗಲೂ ‘ಮುಳುಗಡೆಯವರು’ ಅಂದರೆ ಸಾಕು, ಯಾರು ಎಂದು ಗೊತ್ತಾಗುತ್ತದೆ. ಆ ಮನೆಯ ಚಿತ್ರವೊಂದನ್ನು ಬರೆಸಿ ಅಮ್ಮನಿಗೆ ಕೊಡಬೇಕು ಎಂದು ನನಗೆ ಬಹಳ ವರ್ಷದ ಆಸೆ. ಆದರೆ ಆ ಮನೆಯ ಫೋಟೋ ನಮ್ಮ ಯಾರ ಹತ್ತಿರವೂ ಇಲ್ಲ.

ಕೊನೆಗೂ ಬರೆಸಿದೆ. ಹಾಸನದಲ್ಲೇ ಇರುವ ಕಲಾವಿದೆಯೊಬ್ಬರು ಜಲವರ್ಣದಲ್ಲಿ ಬರೆದುಕೊಟ್ಟರು. ಈಗ ಮನೆಗೆ ಬಂದವರೆಲ್ಲ ಗೋಡೆ ನೋಡಿ ಮೊದಲು ಕೇಳುವುದು, ಎಷ್ಟಾಯಿತು ಅಂತ. ಆಮೇಲೆ, ಇದನ್ನೆಲ್ಲ ಹೇಗೆ ಹೇಳಿ ಬರೆಸಿದಿರಿ ಅಂತ. ಎರಡನೇ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಲಾವಿದರನ್ನು ಹುಡುಕಲು ನಾನು ಮೊದಲು ಹೋದದ್ದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ. ಊರಿನಲ್ಲಿ ಯಾರು ನಿಜವಾಗಿ ಬರೆಯುತ್ತಾರೆ, ಯಾರ ಚಿತ್ರ ಮಾರಾಟವಾಗುತ್ತದೆ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ ಎನ್ನುವುದು ಕಟ್ಟು ಹಾಕುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಎಲ್ಲ ಚಿತ್ರಗಳೂ ಒಂದಲ್ಲ ಒಂದು ದಿನ ಅವರ ಮೇಜಿನ ಮೇಲೆ ಬರುತ್ತವಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರುಗಳನ್ನು ಕೇಳಿದರೂ ಹೆಸರು ಸಿಗುತ್ತವೆ. ಬೆಂಗಳೂರಿಗೆ ಹೋಗಿ ಬರಲು ಆಗುವವರು ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಬಹುದು. ಅಲ್ಲಿ ಬರೆದವರೇ ಚಿತ್ರದ ಪಕ್ಕ ಕೂತಿರುತ್ತಾರೆ. ಮಾತಾಡಿಸಿ, ನಂಬರ್ ತೆಗೆದುಕೊಂಡು ಬರಬಹುದು.

ಮೊಬೈಲಿನಲ್ಲಿ ಹುಡುಕುವಾಗ ಮಾತ್ರ ಹುಷಾರಾಗಿರಬೇಕು. ಒಬ್ಬರು ತೀರಾ ಕಡಿಮೆ ದರ ಹೇಳಿ, ವಾರದೊಳಗೆ ಕೊಡುತ್ತೇನೆ ಅಂದರು. ತಮ್ಮದೇ ಎಂದು ಕೆಲವು ಚಿತ್ರಗಳನ್ನೂ ಕಳಿಸಿದರು. ಅವುಗಳಲ್ಲಿ ಒಂದನ್ನು, ಚಿತ್ರ ಕೊಟ್ಟರೆ ಅಂಥದ್ದು ಇಂಟರ್ನೆಟ್ಟಿನಲ್ಲಿ ಎಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿದೆ. ಅದು ಬೇರೆ ಯಾವುದೋ ದೇಶದ ಕಲಾವಿದರದು. ಆ ಮಾತು ಅಲ್ಲಿಗೇ ಮುಗಿಯಿತು. ಚಿತ್ರ ಅರ್ಧ ಆಗಿರುವಾಗ ತೆಗೆದ ಫೋಟೋ ತೋರಿಸಿ ಎಂದು ಕೇಳುವುದು ಇನ್ನೂ ಸುಲಭದ ಪರೀಕ್ಷೆ. ನಿಜವಾಗಿ ಬರೆಯುವವರ ಹತ್ತಿರ ಅಂಥವು ರಾಶಿ ಇರುತ್ತವೆ.

ಕಟ್ಟಿನ ಅಂಗಡಿಯವರು ಹೇಳಿದ ಹೆಸರು ಸಾಲಗಾಮೆ ರಸ್ತೆಯ ಕಡೆ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಒಬ್ಬ ಮೇಡಂದು. ಅವರ ಮನೆಯಲ್ಲಿ ಹಳೇ ಮನೆಗಳ, ಕೆರೆ ಏರಿಗಳ, ಸಂತೆಗಳ ಚಿತ್ರ ನೋಡಿದೆ. ಹೆಂಚಿನ ಮೇಲೆ ಬಿದ್ದ ಬಿಸಿಲು ನೋಡಿಯೇ ಇವರೇ ಸರಿ ಅನ್ನಿಸಿತು. ಇದು ಮುಖ್ಯ. ನಮಗೆ ಬೇಕಾದ ರೀತಿಯ ಚಿತ್ರವನ್ನು ಈಗಾಗಲೇ ಬರೆಯುತ್ತಿರುವವರ ಹತ್ತಿರ ಹೋಗಬೇಕು. ಮುಖಗಳನ್ನು ಚೆನ್ನಾಗಿ ಬರೆಯುವವರ ಹತ್ತಿರ ಹೋಗಿ ಮನೆ ಬರೆಯಿರಿ ಅನ್ನುವುದು, ಒಬ್ಬರ ಚಿತ್ರ ತೋರಿಸಿ ಇನ್ನೊಬ್ಬರಿಗೆ ‘ಹೀಗೇ ಬರಬೇಕು’ ಅನ್ನುವುದು, ಎರಡೂ ಅವರಿಗೂ ಕಷ್ಟ ನಮಗೂ ಕಷ್ಟ.

“ಫೋಟೋ ಇಲ್ಲ” ಎಂದು ಮೊದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿದವರು ಇದ್ದಾರಲ್ಲ?” ಅಂದರು. ಇದ್ದಾರೆ ಅಂದೆ. ಅಮ್ಮ ಇದ್ದಾರೆ, ಅಮ್ಮನ ತಮ್ಮ, ನಮ್ಮ ಮಾವ, ಇದ್ದಾರೆ. “ಹಾಗಿದ್ರೆ ಬರೆಯಬಹುದು. ಆದ್ರೆ ಬರೆಯೋದಕ್ಕಿಂತ ಜಾಸ್ತಿ ಹೊತ್ತು ಮಾತಾಡಬೇಕಾಗುತ್ತೆ. ಆ ಮಾತಿನ ಹೊತ್ತನ್ನೂ ದರದಲ್ಲಿ ಸೇರಿಸ್ತೀನಿ” ಅಂದರು. ನ್ಯಾಯವಾದ ಮಾತು ಅನ್ನಿಸಿತು.

ದರದ ವಿಷಯ ಹೇಳಿಬಿಡುತ್ತೇನೆ. ಜಲವರ್ಣದ ಕಾಗದದ ಪೂರ್ತಿ ಹಾಳೆ 22 ಇಂಚು ಅಗಲ, 30 ಇಂಚು ಉದ್ದ ಇರುತ್ತದೆ. ಅದರ ಅರ್ಧ, ಅಂದರೆ 15ಕ್ಕೆ 22 ಇಂಚು, ನಮ್ಮ ಹಜಾರದ ಗೋಡೆಗೆ ಸಾಕಾಗಿತ್ತು. ಅದಕ್ಕೆ 16 ಸಾವಿರ ಎಂದು ಮಾತಾಯಿತು. ಕಟ್ಟಿನ ಖರ್ಚು ಬೇರೆ. ಕೆಲವರು ಚದರ ಇಂಚಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ, ಕೆಲವರು ಚಿತ್ರದಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದರ ಮೇಲೆ ಹೇಳುತ್ತಾರೆ. ತೈಲವರ್ಣಕ್ಕೆ ಸಾಮಾನ್ಯವಾಗಿ ಜಾಸ್ತಿ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಹತ್ತಿರ ಇರುವ ದುಡ್ಡು ಎಷ್ಟು ಎಂದು ನೇರವಾಗಿ ಹೇಳಿ, ಅದಕ್ಕೆ ಎಷ್ಟು ದೊಡ್ಡ ಚಿತ್ರ ಬರುತ್ತದೆ ಎಂದು ಕೇಳಬೇಕು. ಅಳತೆ ಕಡಿಮೆ ಮಾಡಿಕೊಳ್ಳಬಹುದು, ಚಿತ್ರದಲ್ಲಿನ ವಿವರ ಕಡಿಮೆ ಮಾಡಿಕೊಳ್ಳಬಹುದು. ದೊಡ್ಡ ಚಿತ್ರವೇ ಬೇಕು, ದುಡ್ಡು ಮಾತ್ರ ಅರ್ಧ ಮಾಡಿ ಎಂದು ಚೌಕಾಸಿ ಮಾಡಿದರೆ ಬರೆಯುವವರ ಮನಸ್ಸು ಅಲ್ಲೇ ಮುದುಡುತ್ತದೆ. ಮುದುಡಿದ ಮನಸ್ಸಿನಿಂದ ಚಿತ್ರ ಚೆನ್ನಾಗಿ ಬರಲಿ ಅಂದರೆ ಹೇಗೆ ಬರುತ್ತದೆ?

ತೈಲವರ್ಣ ಯಾಕೆ ಬೇಡ ಅಂದದ್ದು ಅವರೇ. ಎಣ್ಣೆ ಬಣ್ಣ ನೀರು ಆರಿದ ಹಾಗೆ ಆರುವುದಿಲ್ಲ. ಗಾಳಿಯ ಜೊತೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದ ಹಾಗೆ ಆಗಲು ಎಷ್ಟೋ ದಿನ ಬೇಕು, ದಪ್ಪ ಬಳಿದರೆ ವಾರಗಟ್ಟಲೆ. ಮೇಲೆ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಬೇಕು. ಜೊತೆಗೆ, ಅಮ್ಮ ಹೇಳುತ್ತಿದ್ದುದೆಲ್ಲ ಮಣ್ಣಿನ ಗೋಡೆ, ಹೊಗೆ ಹಿಡಿದ ತೊಲೆ, ಮಳೆ ನಿಂತ ಮೇಲಿನ ಅಂಗಳ. ಅದಕ್ಕೆ ತೆಳು ಬಣ್ಣವೇ ಸರಿ ಎಂದು ಅವರಿಗೆ ಅನ್ನಿಸಿತ್ತು. ನಾನು ಒಪ್ಪಿದೆ.

ಮುಂಗಡ ಅರ್ಧ. ಉಳಿದದ್ದು ಚಿತ್ರ ಕೈಗೆ ಬಂದಾಗ. ಮಾತಾಡಿದ್ದನ್ನೆಲ್ಲ ಅವರು ಅದೇ ದಿನ ವಾಟ್ಸಾಪಿನಲ್ಲಿ ಬರೆದು ಕಳಿಸಿದರು: ಅಳತೆ, ಕಾಗದ, ಬಣ್ಣ, ಚಿತ್ರದಲ್ಲಿ ಏನೇನು ಇರಬೇಕು, ಸುಮಾರು ಯಾವಾಗ ಮುಗಿಯುತ್ತದೆ. ಪೆನ್ಸಿಲ್ ಹಂತದಲ್ಲಿ ಎರಡು ಸಲ ಬದಲಾವಣೆ ಕೇಳಬಹುದು, ಬಣ್ಣ ಹಚ್ಚಲು ಶುರು ಮಾಡಿದ ಮೇಲೆ ದೊಡ್ಡ ಬದಲಾವಣೆ ಆಗುವುದಿಲ್ಲ. ಪೆನ್ಸಿಲ್ ಚಿತ್ರ ಒಪ್ಪಿದ ಮೇಲೆ ಬೇಡ ಅಂದರೆ ಮುಂಗಡ ವಾಪಸ್ ಇಲ್ಲ. ನಾನು “ಒಪ್ಪಿಗೆ ಇದೆ ಮೇಡಂ” ಎಂದು ಉತ್ತರ ಬರೆದು ದುಡ್ಡು ಹಾಕಿದೆ. ಗುರುತಿನವರಾದರೂ ಹೀಗೆ ಬರವಣಿಗೆಯಲ್ಲಿ ಇದ್ದರೆ ಒಳ್ಳೆಯದು. ಆಮೇಲೆ ಯಾರೂ ಯಾರ ಮುಖವನ್ನೂ ನೋಡದ ಹಾಗೆ ಆಗಬಾರದಲ್ಲ.

ಅದರಲ್ಲಿ ಇನ್ನೊಂದು ಸಾಲಿತ್ತು. ಚಿತ್ರದ ಹಕ್ಕು ಕಲಾವಿದರದೇ, ಮನೆಯವರು ತಮ್ಮ ನೆಂಟರಿಷ್ಟರಿಗೆ ಪ್ರತಿ ಮಾಡಿ ಕೊಡಬಹುದು, ಮಾರುವ ಹಾಗಿಲ್ಲ ಎಂದು. ಈ ಸಾಲು ಯಾಕೆ ಎಂದು ಕೇಳಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಎಷ್ಟೋ ಕಲಾವಿದರಿಗೂ ಇದು ಗೊತ್ತಿಲ್ಲ ಅಂದರು. ತಮ್ಮ ಚಿತ್ರವನ್ನು ಮುಂದೆ ಪ್ರದರ್ಶನದಲ್ಲಿ ಇಡಲು, ಪುಸ್ತಕ ಮಾಡಿದರೆ ಅದರಲ್ಲಿ ಹಾಕಲು ತೊಂದರೆ ಆಗಬಾರದು ಎಂದು ಅವರು ಮೊದಲೇ ಬರೆದುಕೊಳ್ಳುತ್ತಾರೆ. ನಮಗೆ ಬೇಕಾಗಿದ್ದು ಗೋಡೆಗೆ ಒಂದು ಚಿತ್ರ, ಅಣ್ಣತಮ್ಮಂದಿರ ಮನೆಗೆ ಪ್ರತಿಗಳು. ಅದಕ್ಕೆ ಅಡ್ಡಿ ಇರಲಿಲ್ಲ. ಅಂಗಡಿ ಲೋಗೋ, ಕಾಫಿ ಪೊಟ್ಟಣದ ಚಿತ್ರ, ಹೋಂಸ್ಟೇ ಬೋರ್ಡು ಬರೆಸುವವರು ಮಾತ್ರ ಈ ವಿಷಯವನ್ನು ಬಿಡಿಸಿ ಮಾತಾಡಲೇಬೇಕು. ಅವರು ಆ ಚಿತ್ರದಿಂದ ವ್ಯಾಪಾರ ಮಾಡುತ್ತಾರೆ, ದರವೂ ಬೇರೆ ಇರುತ್ತದೆ.

ಆಮೇಲೆ ಶುರುವಾಯಿತು ನೋಡಿ, ಅಮ್ಮನ ಜೊತೆ ಮಾತು.

ಮೇಡಂ ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲು, ಬ್ಯಾಗಿನಲ್ಲಿ ಟೈಲರ್ ಟೇಪು. ಮನೆ ಹೇಗಿತ್ತು ಎಂದು ಅವರು ಕೇಳಲೇ ಇಲ್ಲ. “ಬೆಳಿಗ್ಗೆ ಎದ್ದ ತಕ್ಷಣ ಎಲ್ಲಿಗೆ ಹೋಗ್ತಿದ್ರಿ ಅಮ್ಮಾ?” ಎಂದು ಕೇಳಿದರು. ಅಮ್ಮ ಹಿತ್ತಿಲಿಗೆ ಹೋದರು, ಬಚ್ಚಲ ಒಲೆಗೆ ಬೆಂಕಿ ಹಾಕಿದರು, ಬಾವಿಗೆ ಬಂದರು, ಕೊಟ್ಟಿಗೆ ದಾಟಿ ಅಂಗಳಕ್ಕೆ ಬಂದು ಸಗಣಿ ಸಾರಿಸಿದರು. ಎಲ್ಲ ಮಾತಿನಲ್ಲೇ. ಅಮ್ಮ ಹೇಳುತ್ತಾ ಹೋದ ಹಾಗೆ ಮೇಡಂ ಪುಟದ ಮೇಲೆ ಗೆರೆ ಎಳೆಯುತ್ತಾ ಹೋದರು. ಅಮ್ಮ ಮಾತು ನಿಲ್ಲಿಸುವ ಹೊತ್ತಿಗೆ ಮನೆಯ ನಕಾಶೆ ತಯಾರಾಗಿತ್ತು. ಬಿಸಿಲು ಮೊದಲು ಎಲ್ಲಿ ಬೀಳುತ್ತಿತ್ತು, ಮೆಣಸಿನಕಾಯಿ ಎಲ್ಲಿ ಒಣಗಿಸುತ್ತಿದ್ದಿರಿ, ಮಳೆ ಬಂದಾಗ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ಕೇಳಿದರು. ಅದರಿಂದ ಬಾಗಿಲು ಪೂರ್ವಕ್ಕೆ ಎಂದೂ, ಅಂಗಳ ನದಿಯ ಕಡೆಗೆ ಇಳಿಜಾರು ಎಂದೂ ಗೊತ್ತಾಯಿತು. ನೇರವಾಗಿ ಕೇಳಿದ್ದರೆ ಅಮ್ಮ ಎರಡನ್ನೂ ಹೇಳುತ್ತಿರಲಿಲ್ಲವೇನೋ.

ಬಾಗಿಲಿನ ಎತ್ತರ ಎಷ್ಟು ಎಂದು ಕೇಳಿದಾಗ ಅಮ್ಮನಿಗೆ ಅಡಿ ಲೆಕ್ಕ ಬರಲಿಲ್ಲ. “ತಲೆ ಬಗ್ಗಿಸಿಕೊಂಡೇ ಹೋಗಬೇಕಿತ್ತು. ಮರೆತು ಹೋದರೆ ಇಲ್ಲಿಗೆ ಬಡೀತಿತ್ತು” ಎಂದು ಎದ್ದು ನಿಂತು ಹಣೆಯ ಮೇಲೆ, ಕುಂಕುಮಕ್ಕಿಂತ ಎರಡು ಬೆರಳು ಮೇಲೆ, ಕೈ ಇಟ್ಟು ತೋರಿಸಿದರು. ಮೇಡಂ ತಕ್ಷಣ ಟೇಪು ತೆಗೆದು ನೆಲದಿಂದ ಆ ಕೈಯವರೆಗೆ ಅಳೆದರು. ಐದು ಅಡಿಗೆ ಎರಡು ಇಂಚು ಕಡಿಮೆ. “ಆಗ ನೀವು ಇನ್ನೂ ಸ್ವಲ್ಪ ಎತ್ತರ ಇದ್ರಿ ಅಮ್ಮಾ, ವಯಸ್ಸಾದ ಮೇಲೆ ಎಲ್ಲರೂ ಕುಗ್ತೀವಿ” ಎಂದು ಎರಡು ಇಂಚು ಸೇರಿಸಿ, ಐದು ಅಡಿ ಎಂದು ಬರೆದುಕೊಂಡರು. ಜಗಲಿಗೂ ಹೀಗೇ. ಕೂತರೆ ಕಾಲು ನೆಲಕ್ಕೆ ತಾಕುತ್ತಿತ್ತಾ ಎಂದು ಕೇಳಿದರು. ಚಿಕ್ಕವಳಿದ್ದಾಗ ತಾಕುತ್ತಿರಲಿಲ್ಲ, ಮದುವೆ ಹೊತ್ತಿಗೆ ತುದಿಗಾಲು ತಾಕುತ್ತಿತ್ತು ಅಂದರು ಅಮ್ಮ. ನಮ್ಮ ಮನೆಯ ಮಂಚ, ಕುರ್ಚಿ, ಕಾಂಪೌಂಡಿನ ಕಟ್ಟೆ ಎಲ್ಲದರ ಮೇಲೂ ಅಮ್ಮನನ್ನು ಕೂರಿಸಿ ನೋಡಿದೆವು. ಕಾಂಪೌಂಡಿನ ಕಟ್ಟೆ ಸರಿಹೋಯಿತು. ಅದನ್ನು ಅಳೆದು ಜಗಲಿ ಮಾಡಿದರು. ಕಂಬ ಎಷ್ಟು ದಪ್ಪ ಎಂದು ಕೇಳಿದಾಗ ಅಮ್ಮ ಗಾಳಿಯಲ್ಲೇ ತಬ್ಬಿಕೊಂಡು ತೋರಿಸಿದರು. ಎರಡು ಕೈಯ ಬೆರಳುಗಳು ಒಂದಕ್ಕೊಂದು ತಾಕಲಿಲ್ಲ.

ಐವತ್ತು ವರ್ಷದ ಹಿಂದಿನ ಮನೆಯ ಅಳತೆ ಅಮ್ಮನ ಮೈಯಲ್ಲಿ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮೇಡಂಗೆ ಗೊತ್ತಿತ್ತು. ಇಂಥದ್ದಕ್ಕೇ ಕಲಾವಿದರಿಗೆ ನಾವು ದುಡ್ಡು ಕೊಡುವುದು.

ಮಾರನೇ ಸಲ ಮಾವ ಬಂದರು. ಅವರು ಬಂದ ಮೇಲೆ ಜಗಳ ಶುರುವಾಯಿತು. ಹಲಸಿನ ಮರ ಅಂಗಳದ ಎಡಕ್ಕೆ ಎಂದು ಅಮ್ಮ. ಬಲಕ್ಕೆ ಎಂದು ಮಾವ. “ನನಗಿಂತ ನಿಂಗೆ ಜಾಸ್ತಿ ಗೊತ್ತೇನೋ? ನೀನಿನ್ನೂ ಚಿಕ್ಕವನು ಆಗ” ಅಂದರು ಅಮ್ಮ. “ಮರ ಹತ್ತಿ ಹಣ್ಣು ಇಳಿಸ್ತಿದ್ದವನು ನಾನು ಕಣಕ್ಕಾ” ಅಂದರು ಮಾವ. ಮೇಡಂ ಇಬ್ಬರನ್ನೂ ಕೇಳಿದ್ದು ಒಂದೇ. ಈಗ ಕಣ್ಣು ಮುಚ್ಚಿದರೆ ಮರವನ್ನು ಎಲ್ಲಿ ನಿಂತು ನೋಡುತ್ತಿದ್ದೀರಿ? ಅಮ್ಮ ಜಗಲಿಯ ಮೇಲೆ ಕೂತು ಹೊರಗೆ ನೋಡುತ್ತಿದ್ದರು. ಮಾವ ಗದ್ದೆಯಿಂದ ಮನೆಗೆ ಬರುತ್ತಿದ್ದರು. ಮರ ಇದ್ದ ಕಡೆಯೇ ಇತ್ತು.

ಇದರಿಂದ ಇನ್ನೊಂದು ವಿಷಯ ತೀರ್ಮಾನ ಆಗಬೇಕಾಯಿತು. ಚಿತ್ರವನ್ನು ಯಾರು ನಿಂತ ಜಾಗದಿಂದ ಬರೆಯುವುದು? ಮೇಡಂ ಬೆಂಕಿಪೊಟ್ಟಣದಷ್ಟು ಸಣ್ಣ ಮೂರು ಕರಡು ಬರೆದರು. ಒಂದರಲ್ಲಿ ಜಗಲಿಯಿಂದ ಕಾಣುವ ಅಂಗಳ. ಒಂದರಲ್ಲಿ ಗದ್ದೆ ಬದುವಿನಿಂದ ಕಾಣುವ ಮನೆ. ಇನ್ನೊಂದರಲ್ಲಿ ಹಿತ್ತಿಲ ಬಾವಿ ಕಡೆಯಿಂದ. ಅಮ್ಮನಿಗೆ ಮೂರೂ ಒಂದರಲ್ಲೇ ಬೇಕಿತ್ತು. ಮುಂದಿನ ಜಗಲಿಯೂ ಕಾಣಬೇಕು, ಹಿಂದಿನ ಬಾವಿಯೂ ಕಾಣಬೇಕು. ಮೇಡಂ ಇದಕ್ಕೆ ಒಪ್ಪಲಿಲ್ಲ. ಒಂದು ಕಡೆ ನಿಂತವರಿಗೆ ಕಾಣುವಷ್ಟನ್ನೇ ಬರೆಯುತ್ತೇನೆ, ಬೇಕಿದ್ದರೆ ಬಾವಿಯನ್ನು ಬೇರೆ ಸಣ್ಣ ಚಿತ್ರ ಮಾಡಿ ಕೊಡುತ್ತೇನೆ ಅಂದರು. ಅವರು ಹಾಗೆ ಗಟ್ಟಿಯಾಗಿ ಹೇಳಿದ್ದು ನನಗೆ ಒಳ್ಳೆಯದೇ ಅನ್ನಿಸಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು ಬರೆದ ಚಿತ್ರದಲ್ಲಿ ಎಲ್ಲವೂ ಇರುತ್ತದೆ, ಮನೆ ಮಾತ್ರ ಇರುವುದಿಲ್ಲ. ಗದ್ದೆ ಬದುವಿನಿಂದ ಕಾಣುವುದೇ ಇರಲಿ ಎಂದಾಯಿತು. ಎಲ್ಲರೂ ಮನೆಗೆ ಬರುತ್ತಿದ್ದದ್ದು ಆ ದಾರಿಯಲ್ಲೇ.

ಆಧಾರಕ್ಕೆ ಇದ್ದ ಒಂದೇ ಒಂದು ಕಾಗದ ಅಮ್ಮನ ಮದುವೆಯ ಕಪ್ಪು ಬಿಳುಪು ಫೋಟೋ. ಅದರಲ್ಲಿ ಕಾಣುವುದೆಲ್ಲ ಚಪ್ಪರ ಮತ್ತು ನೆಂಟರು. ಆದರೆ ಅಪ್ಪನ ಪೇಟದ ಹಿಂದೆ ಜಗಲಿಯ ಕಂಬದ ಮೇಲ್ಭಾಗ ಸ್ವಲ್ಪ ಕಾಣುತ್ತಿತ್ತು, ತೊಲೆ ಹೊರುವ ಬೋದಿಗೆಯ ಕೆತ್ತನೆಯ ಸಮೇತ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬೇಡಿ, ಹೊಳಪು ಬಿದ್ದು ಗೆರೆ ಕಾಣುವುದಿಲ್ಲ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ ಅಂದರು ಮೇಡಂ. ಹಳೇ ಫೋಟೋ ಕೊಟ್ಟು ಚಿತ್ರ ಬರೆಸುವವರೆಲ್ಲ ಇದನ್ನು ಪಾಲಿಸಬೇಕು. ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದಾಗ ಕಂಬದ ಬೋದಿಗೆಯಲ್ಲಿ ಕಮಲದ ಎಸಳು ಕಾಣಿಸಿತು. ಅಮ್ಮನಿಗೂ ಅದು ಮರೆತುಹೋಗಿತ್ತು.

ಬೇಸಿಗೆಯಲ್ಲಿ ನೀರು ಇಳಿದಾಗ ಅಮ್ಮನನ್ನೂ ಮೇಡಂ ಅವರನ್ನೂ ಹಿನ್ನೀರಿನ ಕಡೆಗೆ ಕರೆದುಕೊಂಡು ಹೋದೆ. ಶೆಟ್ಟಿಹಳ್ಳಿಯ ಚರ್ಚು ನೀವು ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಜನ ಫೋಟೋ ತೆಗೆಯಲು ಅಲ್ಲಿಗೆ ಹೋಗುತ್ತಾರೆ. ಅದು ಗಟ್ಟಿ ಗಾರೆಯ ಕಟ್ಟಡ, ಇನ್ನೂ ನಿಂತಿದೆ. ನಮ್ಮಂಥವರ ಮಣ್ಣಿನ ಗೋಡೆಯ ಮನೆಗಳದ್ದು ಗುರುತೂ ಉಳಿದಿಲ್ಲ. ಅಮ್ಮನ ಊರು ಇದ್ದ ಕಡೆ ಬಿರುಕು ಬಿಟ್ಟ ಗೋಡು ಮಣ್ಣು, ಅದರಾಚೆ ನೀರು, ಅಷ್ಟೇ.

ಮೇಡಂ ನೆಲ ನೋಡಲಿಲ್ಲ. ದೂರದ ಗುಡ್ಡದ ಸಾಲು ನೋಡಿದರು. “ಅಮ್ಮಾ, ಗುಡ್ಡ ಆಗಲೂ ಹೀಗೇ ಇತ್ತಾ?” ಅಮ್ಮ ಸುಮಾರು ಹೊತ್ತು ನೋಡಿ, ಅದೋ ಆ ಎರಡು ಗುಡ್ಡದ ನಡುವೆ ತಗ್ಗು ಕಾಣುತ್ತಲ್ಲ, ನಮ್ಮ ಮನೆ ಮಾಡಿನ ಮೇಲೆ ಸರಿಯಾಗಿ ಆ ತಗ್ಗು ಬರುತ್ತಿತ್ತು ಅಂದರು. ನೀರು ಎಲ್ಲವನ್ನೂ ಮುಳುಗಿಸಿದರೂ ಗುಡ್ಡದ ಗೆರೆ ಹಾಗೇ ಇರುತ್ತದೆ. ಚಿತ್ರಕ್ಕೆ ಸಿಕ್ಕ ಖಾತ್ರಿಯಾದ ಆಧಾರ ಅದೊಂದೇ. ಮೇಡಂ ಅಲ್ಲೇ ಕೂತು ಗುಡ್ಡದ ಸಾಲು ಬರೆದುಕೊಂಡರು, ಮಣ್ಣಿನ ಬಣ್ಣವನ್ನು ನೋಟ್‌ಬುಕ್ಕಿನ ಅಂಚಿಗೆ ಹಚ್ಚಿಕೊಂಡರು.

ಕೆಲವು ವಾರದ ಮೇಲೆ ಪೆನ್ಸಿಲ್ ಚಿತ್ರ ಬಂತು. ಇದನ್ನು ಮೊಬೈಲಿನಲ್ಲಿ ನೋಡಿ “ಸೂಪರ್” ಎಂದು ಬರೆದು ಸುಮ್ಮನಾಗಬಾರದು. ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ದೊಡ್ಡದಾಗಿ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದೆ. ಅಮ್ಮನ ಕೈಗೆ ಕೆಂಪು ಪೆನ್ನು ಕೊಟ್ಟೆ. ಮೊದಲ ಗುರುತು ಮಾಡಿನ ಮೇಲೆ ಬಿತ್ತು. “ಇದು ಮಂಗಳೂರು ಹೆಂಚು. ನಮ್ಮದು ನಾಡಹೆಂಚಮ್ಮ. ಮಂಗಳೂರು ಹೆಂಚು ಇದ್ದದ್ದು ಶಾನುಭೋಗರ ಮನೆಗೆ ಮಾತ್ರ.” ನಾಡಹೆಂಚು ಸಣ್ಣದು, ಅರ್ಧ ಕೊಳವೆಯ ಹಾಗೆ ಬಾಗಿರುತ್ತದೆ, ಸಾಲು ಒಂದೇ ನೇರಕ್ಕೆ ಇರುವುದಿಲ್ಲ, ಮಾಡಿನ ಇಳಿಜಾರೂ ಬೇರೆ. ಪೆನ್ಸಿಲಿನಲ್ಲಿ ಇದ್ದಾಗಲೇ ಇದು ಗೊತ್ತಾಗಿದ್ದು ದೊಡ್ಡ ಉಪಕಾರ. ಇಡೀ ಮಾಡನ್ನು ಮತ್ತೆ ಬರೆಯಬೇಕಾಯಿತು.

ಮಾವ ಎತ್ತು ನೋಡಿ ತಲೆ ಆಡಿಸಿದರು. “ಇದ್ಯಾವ ಎತ್ತಮ್ಮ? ನಮ್ಮವು ಹಳ್ಳಿಕಾರ್. ಕೊಂಬು ನೋಡಿದ್ರೆ ಗೊತ್ತಾಗಬೇಕು.” ಹಳ್ಳಿಕಾರ್ ಎತ್ತಿನ ಕೊಂಬುಗಳು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ, ಆಮೇಲೆ ಮುಂದಕ್ಕೆ ಬಾಗಿ, ತುದಿಯಲ್ಲಿ ಚೂಪಾಗುತ್ತವೆ. ಮುಖ ಉದ್ದ, ಹಣೆ ಉಬ್ಬು. ಮಾವ ಪ್ರಿಂಟಿನ ಹಿಂದೆ ತಾವೇ ಬರೆದು ತೋರಿಸಿದರು. ಚೆನ್ನಾಗೇನೂ ಬರಲಿಲ್ಲ, ಆದರೆ ಕೊಂಬಿನ ಬಾಗು ಸರಿಯಾಗಿ ಬಂದಿತ್ತು. ಮೇಡಂ ಅದೇ ಹಾಳೆಯನ್ನು ಜೋಪಾನವಾಗಿ ತೆಗೆದುಕೊಂಡು ಹೋದರು.

ಬಾವಿಯ ರಾಟೆ, ಹುಲ್ಲಿನ ಮೆದೆ, ಜಗಲಿಯ ಮೂಲೆಯ ಒರಳು, ಇವೆಲ್ಲ ಇನ್ನೊಂದು ಸುತ್ತಿನಲ್ಲಿ ಬಂದವು. ಬಾವಿ ಹಿತ್ತಿಲಲ್ಲಿತ್ತು, ಆದರೂ ಮನೆಯ ಪಕ್ಕದ ಸಂದಿಯಲ್ಲಿ ರಾಟೆಯ ಕಂಬವಾದರೂ ಕಾಣಲಿ ಎಂದು ಮೇಡಂ ತಾವಾಗಿಯೇ ಜಾಗ ಮಾಡಿದ್ದರು. ಅಮ್ಮ ಅದನ್ನು ಹುಡುಕಿ ನೋಡಿದ್ದೇ ನೋಡಿದ್ದು.

ಬಣ್ಣದ ಹೊತ್ತಿಗೆ ಮಳೆಗಾಲ ಬಂತು. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಬೆಳಕು ಎಲ್ಲಿ ಬೇಕೋ ಅಲ್ಲಿ ಬಣ್ಣ ಹಚ್ಚದೆ ಬಿಟ್ಟಿರಬೇಕು. ಒಂದು ಸಲ ಗಾಢವಾದ ಮೇಲೆ ಪೂರ್ತಿ ಹಿಂದಕ್ಕೆ ತರಲು ಆಗುವುದಿಲ್ಲ. ಬದಲಾವಣೆ ಎಲ್ಲ ಪೆನ್ಸಿಲಿನಲ್ಲೇ ಮುಗಿಯಬೇಕು ಎಂದು ಅವರು ಯಾಕೆ ಅಷ್ಟು ಒತ್ತಿ ಹೇಳಿದರು ಎಂದು ಅವರು ಬಣ್ಣ ಹಚ್ಚುವುದನ್ನು ನೋಡಿದಾಗ ಅರ್ಥವಾಯಿತು. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿ ಕಾಗದವನ್ನು ನೆನೆಸಿ, ಹಲಗೆಗೆ ಅಂಟು ಪಟ್ಟಿ ಹಾಕಿ ಬಿಗಿದಿದ್ದರು. ಹವೆಯಲ್ಲಿ ತೇವ ಜಾಸ್ತಿ ಇದ್ದರೆ ಒಂದು ಪದರ ಬೇಗ ಆರುವುದಿಲ್ಲ. ಹಸಿ ಇರುವಾಗ ಮೇಲೆ ಇನ್ನೊಂದು ಹಚ್ಚಿದರೆ ಕೆಸರಾಗುತ್ತದೆ. ಹಾಗಾಗಿ ಹೇಳಿದ ದಿನಕ್ಕಿಂತ ತಡವಾಯಿತು. ತಡವಾಗುತ್ತದೆ ಎಂದು ಅವರೇ ಮೊದಲು ಫೋನ್ ಮಾಡಿ ತಿಳಿಸಿದರು, ಅಲ್ಲಿಯವರೆಗಿನ ಫೋಟೋ ಕಳಿಸಿದರು. ದಿನಾ ಫೋನ್ ಮಾಡಿ ‘ಆಯ್ತಾ, ಆಯ್ತಾ’ ಎಂದು ಕೇಳುವ ಅಗತ್ಯ ನನಗೆ ಬರಲಿಲ್ಲ.

ಹೆಂಚಿಗೆ ಅವರು ಬಳಸಿದ ಬಣ್ಣಗಳ ಹೆಸರು ಕೇಳಿ ಬರೆದುಕೊಂಡಿದ್ದೇನೆ. ಬರ್ನ್ಟ್ ಸಿಯೆನ್ನಾ ಎನ್ನುವ ಕೆಂಗಂದು, ಅದರ ಮೇಲೆ ಹೊಗೆ ಕಪ್ಪಿಗೆ ಸ್ವಲ್ಪ ನೀಲಿ. ಅಲಿಜರಿನ್ ಕ್ರಿಮ್ಸನ್ ಎನ್ನುವ ಕೆಂಪು ನೋಡಲು ಚೆಂದ, ಆದರೆ ಬೆಳಕಿಗೆ ಮಾಸಿಹೋಗುತ್ತದೆ ಎಂದು ಅದನ್ನು ಮುಟ್ಟಲಿಲ್ಲ. ದುಡ್ಡು ಕೊಟ್ಟು ಬರೆಸುವವರು ಬಣ್ಣ ಮಾಸುವುದಿಲ್ಲವಾ, ಕಾಗದ ಹಳದಿ ಆಗುವುದಿಲ್ಲವಾ ಎಂದು ಕೇಳಲೇಬೇಕು. ಒಳ್ಳೆಯ ಕಲಾವಿದರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಹೇಳುತ್ತಾರೆ.

ಈ ನಡುವೆ ಪಕ್ಕದ ಮನೆಯ ಹುಡುಗ, ಇದಕ್ಕೆಲ್ಲ ಇಷ್ಟು ದಿನ ಯಾಕೆ ಆಂಟಿ ಎಂದು ಮೊಬೈಲಿನಲ್ಲಿ ಏನೋ ಟೈಪ್ ಮಾಡಿ ಒಂದು ಹಳೇ ಮನೆಯ ಚಿತ್ರ ತೆಗೆದುಕೊಟ್ಟ. ಚೆಂದವೇ ಇತ್ತು. ತೆಂಗಿನ ಮರ, ಹೊಳೆಯುವ ಹೆಂಚು, ಎಲ್ಲ ಇತ್ತು. ಅಮ್ಮನಿಗೆ ತೋರಿಸಿದೆ. “ಯಾರ ಮನೆ ಇದು?” ಎಂದು ಕೇಳಿ ಮೊಬೈಲು ವಾಪಸ್ ಕೊಟ್ಟರು.

ಮೇಡಂ ಬರೆದ ಚಿತ್ರ ಮುಗಿದ ದಿನ ಅಮ್ಮ ಹತ್ತಿರ ಹೋಗಿ ನೋಡಿದ್ದು ಬಾಗಿಲನ್ನು. ಆಮೇಲೆ ಜಗಲಿಯನ್ನು. “ಇಲ್ಲಿ ಅಪ್ಪ ಕೂತಿರ್ತಿದ್ರು” ಎಂದು ಬೆರಳು ಇಟ್ಟು ತೋರಿಸಿದರು. ಇನ್ನೂ ಗಾಜು ಹಾಕಿರಲಿಲ್ಲ, ಮೇಡಂ ಬೆರಳು ಹಿಡಿದುಕೊಂಡು, “ಮುಟ್ಟಬೇಡಿ ಅಮ್ಮಾ” ಎಂದು ನಕ್ಕರು. ಉಳಿದ ದುಡ್ಡನ್ನು ಅಲ್ಲೇ ಕೊಟ್ಟೆ.

ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಮೇಡಂ ಅವರ ಸಹಿ ಇದೆ. ನೆಂಟರೊಬ್ಬರು, ದುಡ್ಡು ಕೊಟ್ಟಿದ್ದು ನೀವು, ಅವರ ಹೆಸರು ಯಾಕೆ ಎಂದು ಕೇಳಿದರು. ಈ ಮಾತು ಹಾಸನ ಜಿಲ್ಲೆಯವರ ಬಾಯಲ್ಲಿ ಬರಬಾರದು. ಬೇಲೂರಿನ ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ. ಅಲ್ಲಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಎಷ್ಟೋ ಹೊಯ್ಸಳ ಗುಡಿಗಳಲ್ಲಿ ಸಿಗುತ್ತದೆ. ರಾಜನೇ ದುಡ್ಡು ಹಾಕಿ ಮಾಡಿಸಿದ ಕೆಲಸದಲ್ಲಿ ಮಾಡಿದವರ ಹೆಸರು ಒಂಬತ್ತು ನೂರು ವರ್ಷ ಉಳಿದಿದೆ, ಬಳಪದ ಕಲ್ಲಿನ ಮೇಲೆ. ಕಾನೂನಿನಲ್ಲೂ, ಕೃತಿಸ್ವಾಮ್ಯ ಯಾರದೇ ಇರಲಿ, ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಹಕ್ಕು, ಚಿತ್ರವನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕು ಕಲಾವಿದರ ಹತ್ತಿರವೇ ಇರುತ್ತದೆ. ಚಿತ್ರದ ಫೋಟೋ ಎಲ್ಲಿಗಾದರೂ ಕಳಿಸಿದರೆ ಬರೆದವರ ಹೆಸರು ಹಾಕಿ ಕಳಿಸಿ, ಸಹಿ ಕತ್ತರಿಸಬೇಡಿ.

ಕಟ್ಟು ಹಾಕಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಗಾಜು ಕಾಗದಕ್ಕೆ ತಾಗಬಾರದು. ನಡುವೆ ಆಮ್ಲ ಇಲ್ಲದ ಮೌಂಟ್ ಬೋರ್ಡು (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಇರಬೇಕು, ಇಲ್ಲದಿದ್ದರೆ ನಮ್ಮ ಕಡೆಯ ಮಳೆಗಾಲಕ್ಕೆ ಒಳಗೆ ಬೂಷ್ಟು ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆಗೂ, ತೇವ ಹೀರುವ ಗೋಡೆಗೂ ತೂಗುಹಾಕಬಾರದು. ನಮ್ಮದನ್ನು ಹಜಾರದ ಒಳಗೋಡೆಗೆ ಹಾಕಿದ್ದೇವೆ.

ಪ್ರತಿಗಳಿಗಾಗಿ ಚಿತ್ರವನ್ನು ಕಟ್ಟು ಹಾಕಿಸುವ ಮುಂಚೆಯೇ ಸ್ಕ್ಯಾನ್ ಮಾಡಿಸಿಕೊಂಡಿದ್ದೆ. ಆಮೇಲೆ ಬಿಚ್ಚುವುದು ಕಷ್ಟ. ಚಿಕ್ಕಮ್ಮನ ಮನೆಗೆ, ಅಣ್ಣಂದಿರ ಮನೆಗೆ ಒಂದೊಂದು ಕೊಟ್ಟೆವು. ಮಾವ ಮಾತ್ರ ಪ್ರತಿ ಬೇಡ ಅಂದರು. ಅವರಿಗೆ ಮನೆಯ ಮುಂದಿನ ಗದ್ದೆ ಬಯಲು, ಅದರಾಚೆ ನದಿ, ಜಗಲಿಯ ಮೇಲೆ ಕೂತರೆ ಕಾಣುತ್ತಿದ್ದ ಹಾಗೆ ಬೇಕು. ಅದು ಹೊಸ ಚಿತ್ರ ಆಗುತ್ತದೆ, ದರ ಬೇರೆ ಎಂದು ಮೇಡಂ ಹೇಳಿದರು. ಮಾವ ಸಾಲಗಾಮೆ ರಸ್ತೆಗೆ ತಾವೇ ಹೋಗಿ ಮುಂಗಡ ಕೊಟ್ಟು ಬಂದಿದ್ದಾರೆ.